ಕ್ಷತಯೋಧನೂ ಯಂತ್ರಶತ್ರುವೂ

ಅನ್ಯಗ್ರಹದಿಂದ ಯಂತ್ರಪುರುಷರ ದಂಡೊಂದು ಭೂಮಿಗೆ ಇಳಿಯಿತೆಂದೂ, ಹಿಂದಿನ ಯುದ್ಧದಲ್ಲಿ ಗಾಯಗೊಂಡು ಮನೆಯಲ್ಲಿದ್ದ ಯೋಧನೊಬ್ಬನನ್ನು ಲೋಕರಕ್ಷಣೆಗಾಗಿ ಮರಳಿ ದಂಡಿಗೆ ಕರೆದರೆಂದೂ ಹೇಳುವ ಕಥೆಗಳು ಈಗಿನ ತರುಣರಿಗೆ ಬಹು ಪ್ರಿಯವಾಗಿವೆ. ಹಿರಿಯರು ಇವನ್ನು ಹುಡುಗಾಟವೆಂದು ತಳ್ಳಿಬಿಡುವುದುಂಟು. ಆದರೆ ಕಥೆಯ ಸಿಪ್ಪೆಯನ್ನು ಸುಲಿದು ನೋಡಿದಲ್ಲಿ ಒಳಗೊಂದು ಧರ್ಮಪ್ರಶ್ನೆಯಿರುವುದು ಕಾಣುತ್ತದೆ. ಒಮ್ಮೆ ತನ್ನ ದೇಹವನ್ನೇ ಕೊಟ್ಟವನನ್ನು ಮತ್ತೊಮ್ಮೆ ಕೊಡೆಂದು ಕೇಳುವ ಅಧಿಕಾರ ಲೋಕಕ್ಕುಂಟೇ?

ಯಂತ್ರಶತ್ರುವು ಕೇವಲ ಕಲ್ಪನೆಯೆಂದು ಹೇಳುವಂತಿಲ್ಲ. ತಾನೇ ಗುರಿಯನ್ನು ಆರಿಸಿ ತಾನೇ ಕೊಲ್ಲುವ ಆಯುಧಗಳ ವಿಷಯವಾಗಿ 2014ರಿಂದ ಜಿನೀವಾ ನಗರದಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರಾಷ್ಟ್ರಗಳು ಚರ್ಚಿಸುತ್ತ ಬಂದಿವೆ. ಯಂತ್ರಪುರುಷನಿಗೆ ‘ರೋಬೋ’ ಎಂಬ ಹೆಸರು ಬಂದುದು ಚೆಕ್ ಲೇಖಕನಾದ ಕಾರೆಲ್ ಚಾಪೆಕನು 1920ರಲ್ಲಿ ಪ್ರಕಟಿಸಿದ ನಾಟಕವೊಂದರಿಂದ. ಆ ಹೆಸರಿನ ಮೂಲವಾದ ಚೆಕ್ ಶಬ್ದಕ್ಕೆ ಬಲವಂತದ ದುಡಿಮೆ, ಅಂದರೆ ನಮ್ಮ ‘ಬಿಟ್ಟಿ’ ಎಂದೇ ಅರ್ಥ. ಒಲ್ಲೆನೆನ್ನಲು ಬಾರದವನೇ ರೋಬೋ. ಈ ಅರ್ಥವನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಇಲ್ಲಿ ಪೂರ್ವಪಕ್ಷವು ಹೀಗೆ: ಕುಲಕ್ಕಾಗಿ ಒಬ್ಬನನ್ನೂ, ಗ್ರಾಮಕ್ಕಾಗಿ ಕುಲವನ್ನೂ, ನಾಡಿಗಾಗಿ ಗ್ರಾಮವನ್ನೂ ಬಿಡಬೇಕೆಂದು ನೀತಿಜ್ಞರು ಹೇಳಿರುವಾಗ, ಸಮಸ್ತ ಭೂಮಿಗಾಗಿ ಒಬ್ಬ ಗಾಯಾಳುವನ್ನು ಬಿಡಲು ಸಂಕೋಚವೇಕೆ? ಈ ವಾದಕ್ಕೆ ಎರಡು ಉತ್ತರಗಳುಂಟು. ಮಹಾಭಾರತದಲ್ಲಿ ವಿದುರನು ಈ ನೀತಿಯನ್ನು ಹೇಳಿದುದು ಕುಲಕಂಟಕನಾದ ದುರ್ಯೋಧನನನ್ನು ತ್ಯಜಿಸೆಂದು ಧೃತರಾಷ್ಟ್ರನಿಗೆ ಬೋಧಿಸುವಾಗಲೇ ಹೊರತು, ಕುಲಕ್ಕಾಗಿ ನೆತ್ತರು ಸುರಿಸಿದವನನ್ನು ಕುರಿತು ಅಲ್ಲ. ಇದಲ್ಲದೆ ಆ ನೀತಿಗೆ ನಾಲ್ಕನೆಯದೊಂದು ಮೆಟ್ಟಿಲಿದೆ. ಆತ್ಮಕ್ಕಾಗಿ ಭೂಮಿಯನ್ನೇ ಬಿಡಬೇಕೆಂಬುದು ಅದು. ಲೆಕ್ಕ ಹಾಕುವವರು ಮೂರನೆಯ ಮೆಟ್ಟಿಲಲ್ಲಿಯೇ ನಿಂತುಬಿಡುತ್ತಾರೆ. ಆತ್ಮವನ್ನು ಮಾರಿ ಉಳಿಸಿಕೊಂಡ ಭೂಮಿಯು ಉಳಿದಂತಲ್ಲವೆಂಬುದು ಅವರಿಗೆ ಹೊಳೆಯುವುದಿಲ್ಲ.

ಗಾಯಗೊಂಡವನ ವಿಷಯದಲ್ಲಿ ನಮ್ಮ ಪೂರ್ವಿಕರು ಮೌನವಾಗಿರಲಿಲ್ಲ. ಗಾಯಗೊಂಡ ಶತ್ರುವಿಗೂ ತನ್ನ ನಾಡಿನಲ್ಲಿ ಚಿಕಿತ್ಸೆ ಮಾಡಿಸಬೇಕು, ಇಲ್ಲವೇ ಅವನನ್ನು ಅವನ ಮನೆಗೆ ತಲಪಿಸಬೇಕು ಎಂದು ಶಾಂತಿಪರ್ವದಲ್ಲಿ ಭೀಷ್ಮನು ಯುಧಿಷ್ಠಿರನಿಗೆ ಹೇಳುತ್ತಾನೆ. ಶಸ್ತ್ರ, ಔಷಧ, ತೈಲ, ಬಟ್ಟೆಗಳೊಡನೆ ವೈದ್ಯರು ಸೇನೆಯ ಹಿಂದೆ ನಿಂತಿರಬೇಕೆಂದು ಕೌಟಿಲ್ಯನು ವಿಧಿಸಿದ್ದಾನೆ. ಶತ್ರುವಿನ ಗಾಯಕ್ಕೇ ಇಷ್ಟು ಹಕ್ಕಿದ್ದ ಮೇಲೆ ಸ್ವಪಕ್ಷದವನ ಗಾಯಕ್ಕೆ ಎಷ್ಟಿರಬೇಕೆಂಬುದು ಕೈಮುತಿಕನ್ಯಾಯದಿಂದಲೇ ಸಿದ್ಧಿಸುತ್ತದೆ.

ಆದರೂ ಲೋಕದ ಆದರವು ಸತ್ತವನಿಗೆ ಸಂದಷ್ಟು ಗಾಯಗೊಂಡು ಬದುಕಿದವನಿಗೆ ಸಲ್ಲಲಿಲ್ಲ. ಬಾರಕೂರಿನಂತಹ ಪುರಾತನ ಸ್ಥಳಗಳ ವೀರಗಲ್ಲುಗಳನ್ನು ನೋಡಿರಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ದೇವಸನ್ನಿಧಿ. ಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ರಮವಿದು. ಕಾಲು ಕಳೆದುಕೊಂಡು ಮನೆಗೆ ಮರಳಿ, ಮೂವತ್ತು ವರ್ಷ ಜಗಲಿಯಲ್ಲಿ ಕುಳಿತವನಿಗೆ ಈ ಮೂರು ಅಂಕಣಗಳಲ್ಲಿ ಎಲ್ಲಿಯೂ ಸ್ಥಳವಿಲ್ಲ. ಸತ್ತವನ ಋಣವು ಒಂದು ಕಲ್ಲಿನಿಂದ ತೀರಿದಂತೆ ತೋರುತ್ತದೆ; ಬದುಕಿದವನ ಋಣವು ದಿನದಿನವೂ ತೀರಿಸಬೇಕಾದುದು.

ಹಾಗಾದರೆ ಗಾಯಾಳುವು ಮತ್ತೆ ಆಯುಧವನ್ನು ಹಿಡಿಯಲೇಬಾರದೇ? ಹಾಗೂ ಅಲ್ಲ. 1971ರ ಯುದ್ಧದಲ್ಲಿ ಗೂರ್ಖಾ ಪಡೆಯ ಇಯಾನ್ ಕಾರ್ಡೋಜೊ ಅವರ ಕಾಲು ನೆಲಬಾಂಬಿನಿಂದ ಛಿದ್ರವಾಯಿತು. ಅದನ್ನು ಅವರು ತಮ್ಮ ಕುಕ್ರಿಯಿಂದ ತಾವೇ ಕತ್ತರಿಸಿಕೊಂಡರು. ಕೃತಕ ಕಾಲಿನಲ್ಲಿ ನಿಂತು ತಮ್ಮ ಸಾಮರ್ಥ್ಯವನ್ನು ತೋರಿಸಿ, ಮುಂದೆ ಕಾಲಾಳುಗಳ ಬೆಟಾಲಿಯನ್ನನ್ನೂ ಬ್ರಿಗೇಡನ್ನೂ ನಡೆಸಿದರು. ಹುಬ್ಬಳ್ಳಿಯ ಕ್ಯಾಪ್ಟನ್ ನವೀನ್ ನಾಗಪ್ಪನವರು 1999ರ ಕಾರ್ಗಿಲ್ ಯುದ್ಧದಲ್ಲಿ, ಪಾಯಿಂಟ್ 4875 ಎಂಬ ಶಿಖರದ ಕದನದಲ್ಲಿ, ಕೈಬಾಂಬಿನಿಂದ ಕಾಲುಗಳಿಗೆ ತೀವ್ರವಾಗಿ ಗಾಯಗೊಂಡರು. ದೀರ್ಘಕಾಲದ ಚಿಕಿತ್ಸೆಯ ಬಳಿಕ ಅವರು ಸೈನ್ಯದ ಇಂಜಿನಿಯರಿಂಗ್ ಸೇವೆಯಲ್ಲಿ ಇಂಜಿನಿಯರಾಗಿ ದೇಶಕ್ಕೆ ದುಡಿದರು. ಒಬ್ಬರು ರಣಪಥಕ್ಕೆ ಮರಳಿದರು, ಇನ್ನೊಬ್ಬರು ಬೇರೆ ದಾರಿಯನ್ನು ಹಿಡಿದರು. ಇಬ್ಬರೂ ವೀರರೇ. ಅವರ ಸೇವೆಯು ದಾನವಾದುದು ಅದನ್ನು ಬೇರೆಯವರು ಕಸಿದುಕೊಳ್ಳದೆ, ಅವರೇ ಕೊಟ್ಟುದರಿಂದ.

ಯಂತ್ರವನ್ನು ಎದುರಿಸಲು ಗಾಯಾಳುವಿಗೆ ವಿಶೇಷವಾದ ಅರ್ಹತೆಯೊಂದಿದೆಯೆಂಬುದನ್ನು ಅಲ್ಲಗಳೆಯಲಾಗದು. ಕುಂದಾಪುರದ ಸಮೀಪದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನದವರು ಆಡಿಸುತ್ತ ಬಂದಿರುವ ಯಕ್ಷಗಾನದ ಸೂತ್ರದ ಗೊಂಬೆಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಗೊಂಬೆಯ ಕೈ ಮುರಿದರೆ ಇನ್ನೊಂದನ್ನು ಜೋಡಿಸಬಹುದು, ಅದಕ್ಕೆ ನೋವಿಲ್ಲ. ಆದರೆ ಅದರ ಸೂತ್ರವು ಕರುಣೆಯುಳ್ಳ ಮನುಷ್ಯನೊಬ್ಬನ ಬೆರಳಿನಲ್ಲಿದೆ. ಕೊಲ್ಲುವ ಯಂತ್ರವಾದರೋ ಸೂತ್ರಧಾರನಿಲ್ಲದ ಗೊಂಬೆ. ನೋವನ್ನರಿಯದುದು ಎಲ್ಲಿ ಕೈ ತಡೆಯಬೇಕೆಂಬುದನ್ನೂ ಅರಿಯದು. ಗಾಯಾಳುವಾದರೋ ತನ್ನ ಮೈಯಲ್ಲಿಯೇ ಅದನ್ನು ಕಲಿತವನು. ಆದುದರಿಂದ ಅವನ ಮಾತಿಗೆ ಯುದ್ಧಸಭೆಯಲ್ಲಿ ಮೊದಲ ಸ್ಥಾನ ಸಲ್ಲತಕ್ಕದ್ದು.

ಆದರೆ ಅರ್ಹತೆಯು ಬೇರೆ, ಬಾಧ್ಯತೆಯು ಬೇರೆ. ಬಾವಿಯಲ್ಲಿ ನೀರಿದೆಯೆಂದ ಮಾತ್ರಕ್ಕೆ ಹೊಲದವರೆಲ್ಲರೂ ಅದರ ಒಡೆಯರಾಗುವುದಿಲ್ಲ. ಗಾಯಾಳುವನ್ನು ಕರೆಯುವುದಾದರೆ ಮೊದಲು ಹಿಂದಿನ ಋಣವು ಸಂದಿರಬೇಕು. ಮುಂದಿನ ಅಪಾಯವನ್ನು ಮುಚ್ಚಿಡದೆ ತಿಳಿಸಬೇಕು. ಅವನು ‘ಒಲ್ಲೆ’ನೆಂದರೆ ಅವನ ಮಾನಕ್ಕೆ ಕುಂದು ಬಾರದಂತಿರಬೇಕು. ಈ ಮೂರೂ ಇಲ್ಲದ ಕರೆಯು ಬಿಟ್ಟಿಯೇ ಸರಿ. ಒಲ್ಲೆನೆನ್ನಲಾರದ ಯಂತ್ರಗಳಿಂದ ಲೋಕವನ್ನು ಕಾಯಲು ಒಬ್ಬ ಮನುಷ್ಯನನ್ನೇ ಒಲ್ಲೆನೆನ್ನಲಾರದವನನ್ನಾಗಿ ಮಾಡಿದರೆ, ಮೊದಲ ಬಾಣವನ್ನು ಬಿಡುವ ಮುನ್ನವೇ ಯಂತ್ರಗಳು ಗೆದ್ದಂತಾಯಿತು.

ಅನ್ಯಗ್ರಹದವರು ಬರಲಿ, ಬಾರದಿರಲಿ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಗಳಿಂದ ದಂಡಿಗೆ ಹೋದ ಮಕ್ಕಳು ಕೆಲವೊಮ್ಮೆ ಗಾಯಗೊಂಡು ಮರಳಿಯಾರು. ಆಗಸ್ಟ್ ತಿಂಗಳಲ್ಲಿ ಒಂದು ದಿನ ಹಾರ ಹಾಕಿ, ಉಳಿದ ದಿನಗಳಲ್ಲಿ ಅವರನ್ನು ಕಛೇರಿಯ ಮೆಟ್ಟಿಲಲ್ಲಿ ಕಾಯಿಸುವ ಊರು ಮುಂದೊಂದು ದಿನ ಅವರ ನೆರವನ್ನು ಯಾವ ಮುಖದಿಂದ ಬೇಡೀತು?