ಕಾರಣದ ಗೊಡವೆ

ಲೋಹಶಾಸ್ತ್ರವನ್ನು ಬಲ್ಲ ಮಿತ್ರರೊಬ್ಬರು, "ಫಲವನ್ನು ಸರಿಯಾಗಿ ಮುಂದಾಗಿಯೇ ಹೇಳಬಲ್ಲೆವಾದ ಮೇಲೆ ಕಾರಣದ ಗೊಡವೆ ಏಕೆ?" ಎಂದು ಈಚೆಗೆ ಕೇಳಿದ್ದು ನನ್ನನ್ನು ಇನ್ನೂ ಕೆರಳಿಸುತ್ತಲೇ ಇದೆ. ಐದು ಅಥವಾ ಅದಕ್ಕೂ ಹೆಚ್ಚು ಧಾತುಗಳನ್ನು ಹೆಚ್ಚುಕಡಮೆ ಸಮಪ್ರಮಾಣದಲ್ಲಿ ಬೆರೆಸಿದ, ಹೈ-ಎಂಟ್ರೊಪಿ ಎಂದು ಹೆಸರಾದ ಮಿಶ್ರಲೋಹವು ಒಂದೇ ಪ್ರಾವಸ್ಥೆಯ ಘನದ್ರಾವಣವಾಗಿ ನಿಲ್ಲುವುದೋ, ಒಡೆದು ಹಲವಾಗುವುದೋ ಎಂಬುದನ್ನು, ಹಳೆಯ ಪ್ರಯೋಗಗಳ ಪಟ್ಟಿಯಿಂದ ಕಲಿತ ಗಣಕಯಂತ್ರವು ಕುಲುಮೆ ಹೊತ್ತುವ ಮೊದಲೇ ಹೇಳಿಬಿಡುವುದರಿಂದ, ತಿಳಿವಳಿಕೆಯೆಂಬುದು ಇನ್ನು ಅಲಂಕಾರಮಾತ್ರವೆಂದು ಅವರ ಮತ. ಉಪಯೋಗವೇ ಸತ್ಯದ ಒರೆಗಲ್ಲೆನ್ನುವ ಪಾಶ್ಚಾತ್ಯ ಪಂಥ ನನಗೆ ನೀರಸ. ಅದಕ್ಕೆ ದೂರದಿಂದಲೇ ಕೈಮುಗಿಯುತ್ತೇನೆ. ಮಿತ್ರರನ್ನು ಹಾಗೆ ಬಿಡಲಾಗದು.

ಕಬ್ಬಿಣ, ಕೋಬಾಲ್ಟ್, ಕ್ರೋಮಿಯಂ, ನಿಕಲ್, ಮ್ಯಾಂಗನೀಸ್‌ಗಳನ್ನು ಸಮನಾಗಿ ಬೆರೆಸಿ ಕ್ಯಾಂಟರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಲೋಹವನ್ನೇ ನೋಡಿರಿ. (ಅದಕ್ಕೆ ಒಂದು ವರ್ಷ ಮೊದಲೇ ಬೆಂಗಳೂರಿನ ಎಸ್. ರಂಗನಾಥನ್ ಅವರು ಇಂಥ ಬಹುಲೋಹ ಮಿಶ್ರಣಗಳನ್ನು ಕುರಿತು ಬರೆದಿದ್ದರೆಂಬುದನ್ನು ನಮ್ಮವರೇ ನೆನೆಯುವುದು ಕಡಮೆ.) ಪಟ್ಟಿಗಳಲ್ಲಿ ಅದು ಏಕಪ್ರಾವಸ್ಥೆಯದು. ಆದರೆ 500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 500 ದಿನವಿಟ್ಟಾಗ ಅದೇ ಲೋಹದೊಳಗೆ ಬೇರೆ ಬೇರೆ ಪ್ರಾವಸ್ಥೆಗಳು ತಲೆಯೆತ್ತಿದುವೆಂದು 2016ರಲ್ಲಿ ವರದಿಯಾಯಿತು; 900 ಡಿಗ್ರಿಯಲ್ಲಿ ಅಷ್ಟೇ ಕಾಲವಿಟ್ಟರೂ ಅದು ಒಡೆಯಲಿಲ್ಲ. ಹಾಗಾದರೆ ಯಂತ್ರವು ಕಲಿತದ್ದು ಪ್ರಕೃತಿಯ ನಿಯಮವನ್ನೋ, ಪ್ರಯೋಗಕರ್ತರ ತಾಳ್ಮೆಯ ಅಳತೆಯನ್ನೋ? ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂಬ ವ್ಯಾಪ್ತಿಗೆ ಹಸಿಸೌದೆಯು ಉಪಾಧಿ, ಎಂದರೆ ಹೇಳದೆ ಉಳಿದ ಷರತ್ತು, ಎಂದು ನೈಯಾಯಿಕರು ತೋರಿಸಿದರಷ್ಟೆ. ಇಲ್ಲಿ ಶಾಖವೂ ಕಾಲವೂ ಅಂಥ ಉಪಾಧಿಗಳು.

ಮಿತ್ರರು ನಕ್ಕು, "ಎರಡಕ್ಕೂ ಒಂದೊಂದು ಅಂಕಣ ಸೇರಿಸಿದರಾಯಿತು" ಎಂದರು. ಅಹುದು, ಆಯಿತು. ಅಷ್ಟೇ ಅಲ್ಲ, ಪರಮಾಣುಗಳ ಗಾತ್ರಭೇದವು ಶೇಕಡಾ 15ನ್ನು ಮೀರಿದರೆ ಘನದ್ರಾವಣಕ್ಕೆ ಎಡೆ ಕಿರಿದಾಗುವುದೆಂಬ, ನಾನು ಕಾರಣವೆಂದೇ ಗೌರವಿಸುತ್ತಿದ್ದ ಹ್ಯೂಮ್-ರೋದರಿಯ ಸೂತ್ರವೂ ತಿಳಿದ ಲೋಹಗಳನ್ನು ಹೋಲಿಸಿ ಪಡೆದದ್ದೇ. ಚಿಕ್ಕಂದಿನಲ್ಲಿ ನಮ್ಮ ಬೀದಿಯ ಕಂಚುಗಾರನು, ತವರ ಹೆಚ್ಚಾದ ಕಂಚನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುವುದನ್ನು ನಿಂತು ನೋಡುತ್ತಿದ್ದೆನು. ಮೆಲ್ಲನೆ ಆರಿದರೆ ಹುಟ್ಟತಕ್ಕ ಪೆಡಸಾದ ಪ್ರಾವಸ್ಥೆಗೆ ನೀರು ಅವಕಾಶ ಕೊಡದೆಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಆದರೂ ಅವನನ್ನು ಅರಿಯದವನೆನ್ನಲು ನನಗೆ ಬಾಯಿ ಬಾರದು.

ತವರಕ್ಕೆ ಬದಲು ಸತುವನ್ನು ಕೊಟ್ಟರೆ ಅವನು ತಡೆದು, ಚೂರೊಂದನ್ನು ಮುರಿದು ನೋಡಿಯಾನು, ಯಂತ್ರವು ತಡೆಯದು ಎಂದೆ. ಅದಕ್ಕೂ ಉತ್ತರವಿತ್ತು. ಡ್ಯುಸೆಲ್ಡಾರ್ಫಿನ ಮಾಕ್ಸ್ ಪ್ಲಾಂಕ್ ಸಂಸ್ಥೆಯವರು, ಯಂತ್ರ ಸೂಚಿಸಿದ್ದನ್ನು ಎರಕ ಹೊಯ್ದು, ಅಳೆದು, ಆ ಅಳತೆಯನ್ನು ಮರಳಿ ಯಂತ್ರಕ್ಕೇ ಉಣಿಸುತ್ತ, ಕಾಯಿಸಿದರೂ ಬಲು ಸ್ವಲ್ಪವೇ ಹಿಗ್ಗುವ ಎರಡು ಲೋಹಗಳನ್ನು 2022ರಲ್ಲಿ ಮುಂದಿಟ್ಟರು. ಅಲ್ಲಿ ಯಂತ್ರವೂ ತಡೆದು ಕೇಳುತ್ತದೆ.

ಯಾವ ಉಪಾಧಿಗೆ ಅಂಕಣ ಬೇಕೆಂಬುದು ಇರುವ ಅಂಕಣಗಳಿಂದ ಹೊಳೆಯದು, 500 ದಿನ ಕಾದು ನೋಡಬೇಕೆಂದು ಅನಿಸಿದ್ದರ ಹಿಂದೆ ಕಾರಣದ ಕಲ್ಪನೆಯಿದ್ದೀತು ಎಂದು ಈಗ ವಾದಿಸಬೇಕೆಂದಿದ್ದೇನೆ. ಆ ಕಲ್ಪನೆಯೂ ಹಿಂದಿನ ಲೋಹಗಳಿಂದ ಕಲಿತ ಊಹೆಯೇ ಅಲ್ಲವೆ ಎಂದು ಮಿತ್ರರು ಕೇಳಿಯೇ ಕೇಳುವರು. ಅದಕ್ಕೆ ಏನೆನ್ನಬೇಕೋ ಇನ್ನೂ ತೋಚಿಲ್ಲ.