ಮಕ್ಕಳಲ್ಲಿ ಶಮೆದಮೆಯ ಫಲ – ಗಲಾತ್ಯ 5:22-23

ಇವತ್ತು ಸಂಡೇ ಸ್ಕೂಲ್ ಮಕ್ಕಳೂ ನಮ್ಮ ಜೊತೆಯಲ್ಲೇ ಕೂತಿದ್ದಾರೆ. ಸ್ವಲ್ಪ ಗದ್ದಲ ಇರುತ್ತೆ, ಇರಲಿ. ಗಲಾತ್ಯದವರಿಗೆ ಬರೆದ ಪತ್ರಿಕೆ 5ನೇ ಅಧ್ಯಾಯ, 22 ಮತ್ತು 23ನೇ ವಚನ ತೆಗೆಯಿರಿ. ಸಿಕ್ಕಿದವರು ಆಮೆನ್ ಹೇಳಿ.

ಆತ್ಮನ ಫಲದಲ್ಲಿ 9 ಗುಣಗಳಿವೆ. ಪ್ರೀತಿಯಿಂದ ಶುರುವಾಗುತ್ತೆ, ಕೊನೆಗೆ ಬರೋದು ಶಮೆದಮೆ. ಹಳೇ ಮಾತು. ಮಕ್ಕಳಿಗೆ ಅರ್ಥ ಗೊತ್ತಿರಲ್ಲ, ದೊಡ್ಡವರಲ್ಲೂ ಎಷ್ಟು ಜನಕ್ಕೆ ಗೊತ್ತೋ ನಾನು ಕೈ ಎತ್ತಿ ಅಂತ ಕೇಳಲ್ಲ. ಸುಲಭವಾಗಿ ಹೇಳಬೇಕಾದರೆ, ನನ್ನನ್ನು ನಾನೇ ಹಿಡಿದುಕೊಳ್ಳೋದು. ಪೌಲನು ಗ್ರೀಕ್ ಭಾಷೆಯಲ್ಲಿ ಬರೆದ ಪದ ಎಂಕ್ರಾಟೆಯಾ. ಅದರೊಳಗೆ ಕ್ರಾಟೋಸ್ ಅನ್ನೋ ಪದ ಇದೆ, ಅಂದರೆ ಬಲ. ಗಮನಿಸಿ, ಅಪ್ಪನ ಬಲ ಅಲ್ಲ, ಟೀಚರ್ ಬಲ ಅಲ್ಲ. ಆ ಮಗುವಿನ ಒಳಗೇ ಇರಬೇಕಾದ ಬಲ.

ಉಪವಾಸ ಪ್ರಾರ್ಥನೆ ಮುಗಿದ ಮೇಲೆ ತಾಯಂದಿರು ಮಕ್ಕಳನ್ನ ಕರೆದುಕೊಂಡು ಮುಂದೆ ಬರ್ತಾರೆ. "ಪಾಸ್ಟರ್, ಇವನಿಗೆ ಕೋಪದ ಆತ್ಮ ಹಿಡಿದಿದೆ, ಮೊಬೈಲ್ ಕಿತ್ತುಕೊಂಡರೆ ತಟ್ಟೆ ಎಸೀತಾನೆ, ಕೈಯಿಟ್ಟು ಓಡಿಸಿಬಿಡಿ" ಅಂತಾರೆ. ಹುಡುಗನಿಗೆ 6 ವರ್ಷ, 7 ವರ್ಷ. ನಾನು ಪ್ರಾರ್ಥನೆ ಮಾಡ್ತೀನಿ, ಖಂಡಿತ ಮಾಡ್ತೀನಿ. ನಮ್ಮ ದೇವರು ಬಿಡುಗಡೆ ಕೊಡುವ ದೇವರು, ಅದರಲ್ಲಿ ನನಗೆ ಸಂದೇಹ ಇಲ್ಲ. ಆದರೆ ಅಮ್ಮಾ, ತಟ್ಟೆ ಎಸೆಯುವ ಪ್ರತಿಯೊಂದು ಮಗುವಿಗೂ ದೆವ್ವ ಹಿಡಿದಿದೆ ಅಂತ ಹೇಳೋದು ಸರಿಯಲ್ಲ. ಆ ಮಗು ಅದನ್ನ ಕೇಳಿಸಿಕೊಳ್ತಾ ನಿಂತಿರುತ್ತೆ. ನನ್ನೊಳಗೆ ಏನೋ ಕೆಟ್ಟದ್ದು ಕೂತಿದೆ ಅಂತ ಅದು ನಂಬಿಬಿಟ್ಟರೆ?

ನಾವು ಪೆಂಟೆಕೋಸ್ಟ್ ಜನ. ವರಗಳನ್ನ ನಂಬುವವರು. ಅಪೊಸ್ತಲರ ಕೃತ್ಯಗಳು 10ರಲ್ಲಿ ಪೇತ್ರನು ಕೊರ್ನೇಲ್ಯನ ಮನೆಯಲ್ಲಿ ಮಾತು ಮುಗಿಸೋ ಮೊದಲೇ ಪವಿತ್ರಾತ್ಮ ಇಳಿದು ಬಂತು, ಹಲ್ಲೆಲೂಯಾ! ವರ ಒಂದು ಕ್ಷಣದಲ್ಲಿ ಬರಬಹುದು. ಆದರೆ ಪೌಲನು ಶಮೆದಮೆಯನ್ನ ವರ ಅಂತ ಕರೆಯಲಿಲ್ಲ, ಫಲ ಅಂತ ಕರೆದ. ನಮ್ಮ ತಿಪಟೂರು ಕಡೆಯವರನ್ನ ಕೇಳಿ. ನಾಟಿ ತೆಂಗಿನ ಸಸಿ ನೆಟ್ಟರೆ ಕಾಯಿ ಕಚ್ಚೋಕೆ 6, 7 ವರ್ಷ ಬೇಕು. ಎರಡನೇ ವರ್ಷಕ್ಕೇ ಕಾಯಿ ಬಿಡಲಿಲ್ಲ ಅಂತ ಮರಕ್ಕೆ ದೆವ್ವ ಹಿಡಿದಿದೆ ಅಂತೀರಾ? ನೀರು ಹಾಕ್ತೀರಿ, ಗೊಬ್ಬರ ಹಾಕ್ತೀರಿ, ದನ ಬಾಯಿ ಹಾಕದ ಹಾಗೆ ಬೇಲಿ ಕಟ್ಟುತ್ತೀರಿ.

ಬೇಲಿ ಅಂದೆ. ಜ್ಞಾನೋಕ್ತಿ 25:28ರಲ್ಲಿ, ತನ್ನ ಆತ್ಮವನ್ನ ಹಿಡಿತದಲ್ಲಿ ಇಟ್ಟುಕೊಳ್ಳದವನು ಗೋಡೆ ಬಿದ್ದುಹೋದ ಪಟ್ಟಣದ ಹಾಗೆ ಅಂತ ಇದೆ. ಯಾರು ಬೇಕಾದರೂ ನುಗ್ಗಬಹುದು. ಈಗ ಎರಡು ಥರದ ತಂದೆಗಳಿದ್ದಾರೆ. ಒಬ್ಬ ಏಲಿ. 1 ಸಮುವೇಲ 2ರಲ್ಲಿ ಅವನ ಮಕ್ಕಳು ಹೊಫ್ನಿ, ಫೀನೆಹಾಸ್ ಯಜ್ಞದ ಮಾಂಸ ಬೇಯುತ್ತಿರುವಾಗಲೇ ಮೂರು ಹಲ್ಲಿನ ಮುಳ್ಳು ಹಾಕಿ ಎತ್ತಿಸಿಕೊಳ್ತಿದ್ದರು, ಕೊಬ್ಬು ಸುಡುವ ತನಕ ಕಾಯೋ ತಾಳ್ಮೆ ಇರಲಿಲ್ಲ. ಏಲಿ ಬೈದ, ಆದರೆ ತಡೆಯಲಿಲ್ಲ. ಬೈದದ್ದೂ ಮುಪ್ಪಿನಲ್ಲಿ. ಇನ್ನೊಬ್ಬ ಅಪ್ಪ ಬೆಲ್ಟ್ ತೆಗೆಯುವವನು. ಅವನ ಮನೆಯಲ್ಲಿ ಮಕ್ಕಳು ಪಿನ್ ಬಿದ್ದರೂ ಕೇಳಿಸೋ ಹಾಗೆ ಇರ್ತಾರೆ. ಜನ ಹೊಗಳ್ತಾರೆ, ಎಷ್ಟು ಶಿಸ್ತು ಅಂತ. ಆ ಮಕ್ಕಳು ಹಾಸ್ಟೆಲ್‌ಗೆ ಹೋದ ಮೊದಲನೇ ತಿಂಗಳು ಏನಾಗುತ್ತೆ? ಗೋಡೆ ಅಪ್ಪನ ಹತ್ತಿರವೇ ಉಳಿದುಹೋಯಿತು. ಕೊಲೊಸ್ಸೆಯವರಿಗೆ 3:21ರಲ್ಲಿ ಪೌಲನು ತಂದೆಗಳಿಗೇ ಎಚ್ಚರಿಕೆ ಕೊಡ್ತಾನೆ, ಮಕ್ಕಳನ್ನ ಕೆಣಕಿ ಮನಗುಂದಿಸಬೇಡಿ ಅಂತ.

ಯೋಸೇಫನನ್ನ ನೋಡಿ. ಆದಿಕಾಂಡ 37ರಲ್ಲಿ ಅವನಿಗೆ 17 ವರ್ಷ. ಆಮೇಲೆ ಐಗುಪ್ತದಲ್ಲಿ, ಪೋಟೀಫರನ ಮನೆಯಲ್ಲಿ, ಅಪ್ಪ ಇಲ್ಲ, ನೋಡುವವರಿಲ್ಲ. ಆದರೂ ಓಡಿಹೋದ. ಗೋಡೆ ಒಳಗಿತ್ತು.

ಆ ಗೋಡೆ ಒಳಗೆ ಬರೋದು ಹೇಗೆ? ಇದನ್ನ ನಿಧಾನವಾಗಿ ಕೇಳಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಅನ್ನೋ ಮನಶ್ಶಾಸ್ತ್ರಜ್ಞರು ಮಕ್ಕಳ ಮುಂದೆ ಒಂದು ಸಿಹಿ ಇಟ್ಟು, ಕಾದರೆ ಎರಡು ಕೊಡ್ತೀನಿ ಅಂತ ಹೇಳಿ ಹೊರಗೆ ಹೋಗ್ತಿದ್ದರು. ಮಾರ್ಷ್‌ಮ್ಯಾಲೋ ಪರೀಕ್ಷೆ ಅಂತ ಯೂಟ್ಯೂಬಲ್ಲಿ ನೋಡಿರುತ್ತೀರಿ. ಸುಮಾರು ಪಾಸ್ಟರ್‌ಗಳು ಅಲ್ಲಿಗೇ ನಿಲ್ಲಿಸಿ, ಕಾಯುವ ಮಗು ಒಳ್ಳೇದು, ಕಾಯದ ಮಗು ಕೆಟ್ಟದ್ದು ಅಂತ ಹೇಳಿಬಿಡ್ತಾರೆ. ಆದರೆ 2013ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದವರು ಇನ್ನೊಂದು ಮಾಡಿದರು. 28 ಪುಟ್ಟ ಮಕ್ಕಳು. ಮೊದಲು ಮಕ್ಕಳಿಗೆ, ಸ್ವಲ್ಪ ಕಾಯಿ, ಚಿತ್ರ ಬಿಡಿಸೋಕೆ ಇನ್ನೂ ಒಳ್ಳೇ ಸಾಮಾನು ತರ್ತೀನಿ ಅಂದರು. ಅರ್ಧ ಮಕ್ಕಳಿಗೆ ಹೇಳಿದ ಹಾಗೇ ತಂದುಕೊಟ್ಟರು. ಇನ್ನರ್ಧ ಮಕ್ಕಳ ಹತ್ತಿರ ಬರಿಗೈಯಲ್ಲಿ ಬಂದು, ಕ್ಷಮಿಸಿ, ಇಲ್ಲ ಅಂದರು. ಆಮೇಲೆ ಸಿಹಿ ಇಟ್ಟರು. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ 3 ನಿಮಿಷ.

ಮಕ್ಕಳು ಬೇರೆ ಜಾತಿಯ ಮಕ್ಕಳಲ್ಲ. ಮಾತು ಕೊಟ್ಟವರು ಬೇರೆ ಥರ ನಡೆದುಕೊಂಡರು, ಅಷ್ಟೇ. ಸಿಗುತ್ತೆ ಅನ್ನೋ ನಂಬಿಕೆ ಇಲ್ಲದಿದ್ದರೆ ಯಾವ ಬುದ್ಧಿವಂತ ಮಗು ಕಾಯುತ್ತೆ?

ಈಗ ಮತ್ತಾಯ 3 ಮತ್ತು 4ನ್ನ ಒಟ್ಟಿಗೆ ಓದಿ. ನಮ್ಮ ಸತ್ಯವೇದದಲ್ಲಿ ಅಧ್ಯಾಯ ಬದಲಾಗೋದರಿಂದ ನಾವು ನಿಲ್ಲಿಸಿಬಿಡ್ತೀವಿ. ಯೇಸು ಯೊರ್ದನಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ನೀರಿನಿಂದ ಮೇಲೆ ಬಂದಾಗ, ಈತನು ತನಗೆ ಪ್ರಿಯನಾದ ಮಗನು ಅಂತ ತಂದೆ ಪರಲೋಕದಿಂದ ಹೇಳಿದರು. ಆಮೇಲೆ ಅಡವಿ, 40 ದಿನ ಉಪವಾಸ. ಹೊಟ್ಟೆ ಹಸಿದಿದೆ. ಸೈತಾನ ಬಂದು ಮೊದಲು ಕೆಣಕಿದ್ದು ರೊಟ್ಟಿಯ ವಿಷಯ ಅಂತ ನಾವು ಅಂದುಕೊಳ್ತೀವಿ. ಅಲ್ಲ, ನೀನು ಮಗನೇ ಆಗಿದ್ದರೆ ಅಂತ ಶುರು ಮಾಡ್ತಾನೆ. ನಿನ್ನ ಅಪ್ಪ ಹೇಳಿದ್ದು ನಿಜಾನಾ ಅಂತ ಅವನ ಪ್ರಶ್ನೆ. ಯೇಸು ಆ ಮಾತಿನ ಮೇಲೆ ನಿಂತರು, ಕಲ್ಲನ್ನ ಮುಟ್ಟಲಿಲ್ಲ. ಆಮೆನ್? ಏಸಾವನ ಹತ್ತಿರ ಇಲ್ಲದೇ ಇದ್ದದ್ದು ಇದೇ. ವಾಗ್ದಾನ ಎಲ್ಲೋ ದೂರ, ಬೇಳೆಸಾರು ಕಣ್ಣ ಮುಂದೆ. ಚೊಚ್ಚಲತನದ ಹಕ್ಕನ್ನ ಒಂದು ಊಟಕ್ಕೆ ಮಾರಿದ.

ಹಾಗಾದರೆ ಮನೆಯಲ್ಲಿ ನಾವು ಎಷ್ಟು ಸಲ ಮಾತು ಕೊಡ್ತೀವಿ? ಅಳಬೇಡ, ಸಂಜೆ ಅಂಗಡಿಗೆ ಹೋಗೋಣ. ಈ ಸಲ ಪಾಸಾಗು, ಸೈಕಲ್ ಕೊಡಿಸ್ತೀನಿ. ಸಂಜೆ ಆಗುತ್ತೆ, ರಿಸಲ್ಟೂ ಬರುತ್ತೆ. ಮಗು ಮರೆತಿದೆ ಅಂತ ನಾವು ಖುಷಿಪಡ್ತೀವಿ. ಮರೆತಿರಲ್ಲ. ದುಡ್ಡಿಲ್ಲದಿದ್ದರೆ ಇಲ್ಲ ಅಂತ ಹೇಳಿ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ಇದ್ದೀರಿ, ಗಾರೆ ಕೆಲಸದವರು ಇದ್ದೀರಿ, ಇಲ್ಲ ಅನ್ನೋದರಲ್ಲಿ ನಾಚಿಕೆ ಇಲ್ಲ. ಸೈಕಲ್ ಆಗಲ್ಲ ಅಂದರೆ ಭಾನುವಾರ ಆರಾಧನೆ ಆದ ಮೇಲೆ ಅರ್ಧ ಗಂಟೆ ನಿನ್ನ ಜೊತೆ ಆಡ್ತೀನಿ ಅನ್ನಿ, ಮತ್ತೆ ಆಡಿ. ಮೊಬೈಲ್ ಒಳಗಿಟ್ಟು ಆಡಿ.

ಹೆದರಿಸೋದಕ್ಕೂ ಸುಳ್ಳು ಹೇಳ್ತೀವಿ. ಪೊಲೀಸ್ ಬರ್ತಾನೆ, ಡಾಕ್ಟರ್ ಇಂಜೆಕ್ಷನ್ ಚುಚ್ತಾರೆ, ಪಾಸ್ಟರ್ ಬೈತಾರೆ. ನನ್ನನ್ನ ಕಂಡರೆ ಕೆಲವು ಮಕ್ಕಳು ಅಮ್ಮನ ಸೆರಗಿನ ಹಿಂದೆ ಹೋಗೋದು ಇದಕ್ಕೇ ಇರಬೇಕು. ಅದನ್ನಾದರೂ ಸಹಿಸಬಹುದು. ಯೇಸಪ್ಪ ಕಣ್ಣು ಕುಕ್ತಾರೆ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಆತನು ಮಕ್ಕಳನ್ನ ಹತ್ತಿರ ಕರೆದು ಅಪ್ಪಿಕೊಂಡವನು, ಮಾರ್ಕ 10ರಲ್ಲಿ ಇದೆ. ಆ ಕೈಗೆ ಮೊಳೆ ಹೊಡೆದದ್ದು ಆ ಮಗುವಿಗೋಸ್ಕರವೂ.

ಚಿಕ್ಕ ಚಿಕ್ಕ ಕಾಯುವಿಕೆ ಕೊಡಿ. ಊಟದ ಪ್ರಾರ್ಥನೆ ಮುಗಿಯೋ ತನಕ ತಟ್ಟೆಗೆ ಕೈ ಹಾಕದಿರೋದು, 4 ವರ್ಷದವರಿಗೆ ಅದೇ ದೊಡ್ಡ ಯುದ್ಧ. ಹಾಗಾಗಿ ಪ್ರಾರ್ಥನೆ ಚಿಕ್ಕದಾಗಿರಲಿ, ಅನ್ನ ಆರುವ ತನಕ ಅನ್ಯಭಾಷೆ ಬೇಡ ಅಣ್ಣಾ. ಇನ್ನೊಂದು, ಮಕ್ಕಳಿಗೆ ಒತ್ತಾಯದ ಉಪವಾಸ ಮಾಡಿಸಬೇಡಿ. ಹಸಿವಿನಿಂದ ಅಳುವ ಮಗು ಶಮೆದಮೆ ಕಲಿಯಲ್ಲ, ದೇವರ ಮನೆ ಅಂದರೆ ಹಸಿವು ಅಂತ ಕಲಿಯುತ್ತೆ. ಅದು ಕೋಪ ಬಂದು ಎರಡು ನಿಮಿಷ ಕೂಗಿ ತಾನೇ ಸುಮ್ಮನಾಯಿತಾ? ಹೋದ ತಿಂಗಳು 10 ನಿಮಿಷ ಕೂಗ್ತಿತ್ತು ಅಲ್ವಾ? ಆಗ ಹತ್ತಿರ ಕರೆದು, ನೋಡಿದೆ ಕಂದಾ, ನೀನೇ ನಿಲ್ಲಿಸಿದೆ ಅಂತ ಹೇಳಿ. ಹೂವು ಬಿಟ್ಟಿದೆ, ಕಾಣಿಸಲ್ವಾ ನಿಮಗೆ?

ಸರಿ, ಸಂಗೀತದವರು ಮೆಲ್ಲಗೆ ನುಡಿಸಿ. ಎಲ್ಲರೂ ಎದ್ದು ನಿಲ್ಲಿ. ತಂದೆ ತಾಯಂದಿರೇ, ಇವತ್ತು ಮಕ್ಕಳನ್ನ ನನ್ನ ಹತ್ತಿರ ಕಳಿಸಬೇಡಿ, ನೀವೇ ಅವರ ಪಕ್ಕಕ್ಕೆ ಹೋಗಿ, ತಲೆ ಮೇಲೆ ಕೈಯಿಡಿ. ಪ್ರಾರ್ಥನೆಗೆ ಮೊದಲು ಒಂದು ಕೆಲಸ. ಕೊಟ್ಟು ಮರೆತ ಮಾತು ಯಾವುದಾದರೂ ಇದ್ದರೆ ಅವರ ಕಿವಿಯಲ್ಲಿ ಹೇಳಿ, ಯಾವ ದಿನ ನೆರವೇರಿಸ್ತೀರಿ ಅಂತಲೂ ಹೇಳಿ. ಅವಸರ ಇಲ್ಲ, ನಾನು ಕಾಯ್ತೀನಿ.

ಪರಲೋಕದ ತಂದೆಯೇ, ಮಾತು ತಪ್ಪದ ದೇವರೇ, ಈ ತಂದೆತಾಯಿಗಳ ಬಾಯಿಗೆ ನಿಜವನ್ನು ಕೊಡು ಕರ್ತನೇ. ಈ ಚಿಕ್ಕ ಮಕ್ಕಳ ಒಳಗೆ ನಿನ್ನ ಆತ್ಮನ ಫಲ ಬೆಳೆಯಲಿ. ಕಾಯುವ ತಾಳ್ಮೆ ನಮಗೂ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.