ಕೊಂದ ಲೆಕ್ಕ

ಗಾಯಕ್ಕೆ ಹುಳ ಬಿದ್ದ ನಾಯಿ ಸಿಕ್ಕಿದರೆ ನಾವು ಮೊದಲು ಹುಡುಕುವುದು ಟರ್ಪೆಂಟೈನ್ ಎಣ್ಣೆಯ ಬಾಟಲಿಯನ್ನು. ಹತ್ತಿಯಲ್ಲಿ ಅದ್ದಿ ಗಾಯದ ಬಾಯಿಗೆ ಹಿಡಿದರೆ ಒಳಗಿದ್ದ ಹುಳಗಳು ತಾಳಲಾರದೆ ಮೇಲಕ್ಕೆ ಬರುತ್ತವೆ. ಚಿಮಟದಲ್ಲಿ ಒಂದೊಂದನ್ನೇ ಎಳೆದು ಹಳೆಯ ಡಬ್ಬಿಗೆ ಹಾಕುತ್ತೇವೆ. ಕಿವಿಯ ಹಿಂದೆ ಎರಡು ಬೆರಳಗಲದ ಗಾಯವಿದ್ದರೆ ನೂರಾರು ಹುಳ. ಡಬ್ಬಿಯಲ್ಲಿ ಸ್ವಲ್ಪ ಹೊತ್ತು ಮಿಸುಕಾಡಿ ಸಾಯುತ್ತವೆ. ನಾನು ಹಾಸನದ ಕಡೆಯ ಜೈನರ ಮನೆಯವಳು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನನ್ನೂ ಹಾಕದ ಅಜ್ಜಿಯ ಕೈಯಲ್ಲಿ ಬೆಳೆದವಳು. ಜೀವಗಳನ್ನು ಇಂದ್ರಿಯಗಳಲ್ಲಿ ಎಣಿಸುವುದನ್ನು ಮಗ್ಗಿಗಿಂತ ಮೊದಲೇ ಬಾಯಿಪಾಠ ಮಾಡಿಸಿದ್ದರು. ಗಿಡಕ್ಕೆ ಒಂದು, ಹುಳಕ್ಕೆ ಎರಡು, ಇರುವೆಗೆ ಮೂರು, ನೊಣಕ್ಕೆ ನಾಲ್ಕು, ನಾಯಿಗೂ ನಮಗೂ ಐದು. ಹಾಗಾಗಿ ಆ ಡಬ್ಬಿಯೊಳಕ್ಕೆ ಇಣುಕದೆ ಇರಲು ನನಗಾಗುವುದಿಲ್ಲ. ಜೊತೆಗಿರುವ ಹುಡುಗರು ಸಲೀಸಾಗಿ ಅದನ್ನು ಮೋರಿಗೆ ಸುರಿದು ಬರುತ್ತಾರೆ.

ಬೆಂಗಳೂರಿನ ಅಕ್ಕಿಪೇಟೆಯಲ್ಲಿ ಈಗ ಅಕ್ಕಿ ಹೆಸರಿಗೆ ಮಾತ್ರ. ದೊಡ್ಡ ವ್ಯಾಪಾರವೆಲ್ಲ ಯಶವಂತಪುರದ ಯಾರ್ಡಿಗೆ ಹೋಗಿ ಎಷ್ಟೋ ಕಾಲವಾಯಿತು. ಉಳಿದಿರುವುದು ಪ್ಲಾಸ್ಟಿಕ್, ಪ್ಯಾಕಿಂಗ್ ಸಾಮಾನು, ಔಷಧದ ಸಗಟು ಅಂಗಡಿಗಳು. ಅಂಥ ಒಂದು ಔಷಧದ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ನಾಯಿಗಳನ್ನು ನೋಡಿಕೊಳ್ಳುವ ನಮ್ಮ ಗುಂಪಿಗೆ ಹೆಸರಿಲ್ಲ, ಬೋರ್ಡಿಲ್ಲ, ನೋಂದಣಿಯೂ ಇಲ್ಲ. ಅಂಗಡಿಯ ಹುಡುಗರು, ಕಾಟನ್‌ಪೇಟೆ ದರ್ಗಾದ ಹಿಂದಿನ ಗಲ್ಲಿಯ ಒಬ್ಬ ಟೆಂಪೊ ಡ್ರೈವರ್, ಚಾಮರಾಜಪೇಟೆಯ ನಿವೃತ್ತ ಟೀಚರ್, ಭಾನುವಾರ ಬಂದು ಪರೀಕ್ಷೆ ಬಂದರೆ ಮಾಯವಾಗುವ ಕಾಲೇಜು ಮಕ್ಕಳು. ದೊಡ್ಡ ಸಂಸ್ಥೆಯ ಆಂಬುಲೆನ್ಸ್ ಬರುವ ತನಕ ನಾಯಿಯ ಪಕ್ಕ ಕೂತಿರುವವರು ನಾವು. ಕಜ್ಜಿಗೆ ಮಾತ್ರೆ, ಗಾಯಕ್ಕೆ ಪಟ್ಟಿ, ವರ್ಷಕ್ಕೊಂದು ರೇಬೀಸ್ ಲಸಿಕೆ. ಅದಕ್ಕೂ ಮೀರಿದ್ದಕ್ಕೆ ಡಾಕ್ಟ್ರು. ಔಷಧದ ಖರ್ಚು ಬಹುಪಾಲು ಪಕ್ಕದ ಅಂಗಡಿಯ ಸೇಟು ಅವರದು. ರಾಜಸ್ಥಾನದ ಮನೆತನ, ಅಜ್ಜನ ಕಾಲಕ್ಕೇ ಪೇಟೆಗೆ ಬಂದವರು. ಅವರು ಶ್ವೇತಾಂಬರರು, ನಾನು ದಿಗಂಬರ ಪಂಗಡದವಳು. ಈ ವ್ಯತ್ಯಾಸವನ್ನು ಅವರು ಪರ್ಯೂಷಣದ ತಾರೀಕಿಗೆ ಮಾತ್ರ ನೆನಪಿಸುತ್ತಾರೆ. ಜೀವದಯೆಯ ದುಡ್ಡು ಎಂದು ಪ್ರತ್ಯೇಕವಾಗಿ ತೆಗೆದಿಟ್ಟು ಕೊಡುತ್ತಾರೆ, ರಸೀದಿ ಕೇಳುವುದಿಲ್ಲ.

ಆ ದುಡ್ಡಿನಲ್ಲೇ ಟರ್ಪೆಂಟೈನ್ ಬರುತ್ತದೆ. ಉಣ್ಣೆಯ ಔಷಧ, ಜಂತುಹುಳದ ಔಷಧ ಕೂಡ. ಒಂದು ನಾಯಿಗಾಗಿ ಎಷ್ಟು ಜೀವ ಹೋದವು ಎಂದು ಸೇಟು ಕೇಳಿದ್ದಿಲ್ಲ. ತಕರಾರು ಬಂದದ್ದು ಒಂದೇ ಒಂದು ಸೂಜಿಗೆ.

ರಾತ್ರಿ ಸರಕು ಇಳಿಸುವ ಹೊತ್ತಿನಲ್ಲಿ ಹಿಂದಕ್ಕೆ ಬಂದ ಗಾಡಿಯೊಂದು ಬಳೇಪೇಟೆ ಕಡೆಯ ಹೆಣ್ಣುನಾಯಿಯ ಬೆನ್ನಿನ ಮೇಲೆ ಹತ್ತಿತ್ತು. ಹಮಾಲಿಗಳು ಗೋಣಿಯ ಮೇಲೆ ಎಳೆದು ಮೆಟ್ಟಿಲ ಕೆಳಗೆ ಮಲಗಿಸಿದ್ದರು. ಸೊಂಟದ ಕೆಳಗೆ ಸ್ಪರ್ಶವಿಲ್ಲ, ಮೂತ್ರ ತಾನಾಗಿ ಹೋಗುತ್ತಿಲ್ಲ. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಎರಡು ತುಂಡು. ಡಾಕ್ಟ್ರು ಇನ್ನಾಗದು ಎಂದರು. ಮೊದಲು ಮಂಪರು ಬರಿಸುವ ಸೂಜಿ, ಅದು ಹತ್ತಿದ ಮೇಲೆ ಇನ್ನೊಂದು, ಅಷ್ಟೇ. ಸೇಟು ಅಂಗಡಿಯಿಂದ ಇಳಿದು ಬಂದು ಅಡ್ಡ ನಿಂತರು.

"ನೋಡಿ ಬೆಹನ್‌ಜಿ," ಎಂದರು, "ಈ ನೋವು ಅದರ ಹಳೇ ಬಾಕಿ. ಇಲ್ಲೇ ತೀರಿದರೆ ತೀರ್ತು. ನೀವು ಸೂಜಿ ಹಾಕಿ ಪುಸ್ತಕ ಮುಚ್ಚಿದರೆ ಬಾಕೀನ ಹೊಸ ಪುಸ್ತಕಕ್ಕೆ ಎಳೀತಾರೆ. ಮನ್ನಾ ಆಗೋದಿಲ್ಲ."

ದೀಪಾವಳಿಗೆ ಹೊಸ ಖಾತೆಪುಸ್ತಕ ತೆರೆಯುವ ಜನರ ಬಾಯಲ್ಲಿ ಈ ಮಾತಿಗೆ ತೂಕವಿದೆ; ನಾನು ಅದನ್ನು ಹಗುರ ಮಾಡುವುದಿಲ್ಲ. ಹಾಗಾದರೆ ಪಟ್ಟಿ ಯಾಕೆ ಕಟ್ಟುವುದು, ಅದೂ ಬಾಕಿಯೇ ಅಲ್ಲವೇ, ಎಂದು ಕೇಳಿದೆ. "ಪಟ್ಟಿ ಕಟ್ಟೋದು ನಮ್ಮ ಧರ್ಮ. ಆಯುಷ್ಯ ಕತ್ತರಿಸೋದು ನಮ್ಮ ಅಧಿಕಾರ ಅಲ್ಲ," ಎಂದರು. ಅಲ್ಲಿಗೆ ನನ್ನ ಮಾತು ಮುಗಿಯಿತು, ಯೋಚನೆ ಮುಗಿಯಲಿಲ್ಲ.

ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರು ಕ್ರಿಸ್ಟಲ್ ರೋಜರ್ಸ್ ಅವರ ಹೆಸರನ್ನು ಕೇಳಿಯೇ ಇರುತ್ತಾರೆ. 1906ರಲ್ಲಿ ಹುಟ್ಟಿದ ಈ ಇಂಗ್ಲಿಷ್ ಹೆಂಗಸು 1959ರಲ್ಲಿ ನ್ಯೂಜಿಲೆಂಡಿಗೆ ಹೊರಟವರು ದೆಹಲಿಯಲ್ಲಿ ಇಳಿದಿದ್ದರು. ಅಲ್ಲಿ ಬಿದ್ದು ಸಾಯುತ್ತಿದ್ದ ಒಂದು ಕುದುರೆ ಕಣ್ಣಿಗೆ ಬಿತ್ತು. ಜೀವ ಇನ್ನೂ ಇತ್ತು, ಕಣ್ಣುಗಳನ್ನು ಮಾತ್ರ ಕಾಗೆಗಳು ಕುಕ್ಕಿ ತೆಗೆದಿದ್ದವು. ಪ್ರಯಾಣ ಅಲ್ಲಿಗೇ ನಿಂತಿತು. ದೆಹಲಿಯಲ್ಲಿ ಒಂದು ಸಂಸ್ಥೆ, ಜೈಪುರದಲ್ಲಿ ಇನ್ನೊಂದು. ಎಂಬತ್ತು ದಾಟಿದ ಮೇಲೆ ಬೆಂಗಳೂರಿಗೆ ಬಂದು 1991ರಲ್ಲಿ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆ ಕಟ್ಟಿದರು. 1996ರಲ್ಲಿ ತೀರಿಕೊಂಡರು. ಪ್ರಾಣಿದಯೆಯ ಕಥೆಗಳು ಸಾಮಾನ್ಯವಾಗಿ ಬದುಕಿ ಉಳಿದ ಪ್ರಾಣಿಯಿಂದ ಶುರುವಾಗುತ್ತವೆ. ನಮ್ಮ ಊರಿನ ಈ ಕಥೆಯ ಬೇರಿನಲ್ಲಿರುವುದು ಉಳಿಸಲಾಗದ ಒಂದು ಕುದುರೆ. ಅದಕ್ಕೆ ಬೇಕಿದ್ದದ್ದು ಔಷಧವಲ್ಲ, ಸಾವು. ಬೇಗ ಬರುವ ಸಾವು.

ಸೇಟು ಅವರಿಗೆ ಈ ಕಥೆ ಹೇಳಿದರೆ, ಆಕೆ ಹೊರಗಿನವರು, ಆಕೆಗೆ ಕರ್ಮದ ವಿಚಾರ ಏನು ಗೊತ್ತು ಎನ್ನುತ್ತಾರೆ. ಹೊರಗಿನವರಲ್ಲದ ಗಾಂಧಿಯ ಮಾತಿಗೆ ಬರೋಣ.

1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ತಮ್ಮ ಗಿರಣಿಯ ಅಂಗಳದಲ್ಲಿ ಸೇರುತ್ತಿದ್ದ 60 ಬೀದಿನಾಯಿಗಳನ್ನು ಕೊಲ್ಲಿಸಿದರು. ಅವರದೂ ಜೈನ ಮನೆತನವೇ. ಊರೆಲ್ಲ ಕೂಗಾಡಿತು. ಹುಚ್ಚುನಾಯಿಯ ಭಯವಿರುವಾಗ ಬೇರೆ ದಾರಿಯಿರಲಿಲ್ಲ ಎಂದು ಗಾಂಧಿ 'ಯಂಗ್ ಇಂಡಿಯಾ'ದಲ್ಲಿ ಸಾಲುಸಾಲು ಲೇಖನ ಬರೆದರು. ಬೀದಿನಾಯಿಗೆ ತುತ್ತು ಹಾಕಿ ಪುಣ್ಯ ಕಟ್ಟಿಕೊಂಡು ಮನೆಗೆ ಹೋಗುವವರನ್ನೂ ಅದರಲ್ಲೇ ಚೆನ್ನಾಗಿ ಬೈದರು. ಮರುವರ್ಷ, 1927ರಲ್ಲಿ, ಕಾಯಿಲೆಯಿಂದ ಚೇತರಿಸಿಕೊಳ್ಳಲು ನಮ್ಮ ಊರಿಗೇ ಬಂದರು. ಕುಮಾರ ಪಾರ್ಕಿನಲ್ಲಿ ಉಳಿದುಕೊಂಡು, ಆಡುಗೋಡಿಯ ಇಂಪೀರಿಯಲ್ ಡೇರಿಗೆ ಹೋಗಿ ಹಸು ಸಾಕುವ ಪಾಠ ಹೇಳಿಸಿಕೊಂಡರು. ಅದರ ಮರುವರ್ಷ, 1928ರಲ್ಲಿ, ಸಾಬರಮತಿ ಆಶ್ರಮದಲ್ಲಿ ನರಳುತ್ತಿದ್ದ ಕರುವೊಂದಕ್ಕೆ ತಾವೇ ಎದುರು ನಿಂತು ವಿಷದ ಸೂಜಿ ಹಾಕಿಸಿದರು. ಕಾಗದಗಳಲ್ಲಿ ಬಂದ ಬೈಗುಳಕ್ಕೆ ಲೆಕ್ಕವಿಲ್ಲ.

ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರಿದ್ದಾರೆ, ನಾನು ಹೇಳಲಾರೆ. ಅರವತ್ತು ನಾಯಿಗಳು ಸತ್ತದ್ದು ನಮಗಾಗಿ, ಕರು ಸತ್ತದ್ದು ಅದಕ್ಕಾಗಿ. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳು ನಾಯಿಗಳ ಬಾಯಿಗೆ ಸಿಕ್ಕಿ ಸತ್ತಾಗ ಬೀದಿಬೀದಿಯಲ್ಲಿ ನಾಯಿಗಳನ್ನು ಹಿಡಿದು ಕೊಂದದ್ದು ಮೊದಲನೆಯ ಬಗೆಯದು. 2025ರಲ್ಲಿ ಸುಪ್ರೀಂ ಕೋರ್ಟು ಆಗಸ್ಟ್ 11ಕ್ಕೆ ಬೀದಿನಾಯಿಗಳ ಬಗ್ಗೆ ಒಂದು ಆದೇಶ ಕೊಟ್ಟು 22ಕ್ಕೆ ಅದನ್ನು ತಿದ್ದಿದ್ದೂ, ಅದಕ್ಕೆ ಮುಂಚೆ ಜುಲೈನಲ್ಲಿ ಬೀದಿನಾಯಿಗಳಿಗೆ ಕೋಳಿ ಅನ್ನ ಹಾಕುವ ಪಾಲಿಕೆಯ ಯೋಜನೆಗೆ ಟಿವಿಯವರು ಕುಣಿದದ್ದೂ ಅದೇ ಜಗಳ: ನಾಯಿ ಮತ್ತು ನಾವು ಒಂದೇ ಬೀದಿಯಲ್ಲಿ ಹೇಗಿರುವುದು. ಅದು ದೊಡ್ಡ ಪ್ರಶ್ನೆ, ಅದನ್ನು ಬಲ್ಲವರು ಬರೆಯಲಿ. ಮೆಟ್ಟಿಲ ಕೆಳಗೆ ಬಿದ್ದಿದ್ದ ನಾಯಿ ಯಾರನ್ನೂ ಕಚ್ಚುವ ಸ್ಥಿತಿಯಲ್ಲಿರಲಿಲ್ಲ.

ಕರುವಿನ ವಿಷಯದಲ್ಲಿ ಗಾಂಧಿ ನಾಲ್ಕು ಷರತ್ತು ಹಾಕಿದರು. ರೋಗ ವಾಸಿಯಾಗದ್ದಾಗಿರಬೇಕು, ನೋಡಿಕೊಳ್ಳುವವರೆಲ್ಲ ಆಸೆ ಬಿಟ್ಟಿರಬೇಕು, ಯಾವ ಸೇವೆಯೂ ಫಲಿಸದಂತಾಗಿರಬೇಕು, ರೋಗಿಗೆ ತನ್ನ ಇಷ್ಟವನ್ನು ಹೇಳಲು ಸಾಧ್ಯವಾಗದಿರಬೇಕು. ನಾಲ್ಕನೆಯದನ್ನು ಓದಿದಾಗಲೆಲ್ಲ ನನಗೆ ಶ್ರವಣಬೆಳಗೊಳ ನೆನಪಾಗುತ್ತದೆ. ಚಿಕ್ಕಬೆಟ್ಟದ ಬಂಡೆಯ ಮೇಲೆ ಸಲ್ಲೇಖನ ಮಾಡಿದವರ, ಎಂದರೆ ವ್ರತ ಹಿಡಿದು ಅನ್ನ ನೀರು ಬಿಟ್ಟು ದೇಹ ಬಿಟ್ಟವರ, ಶಾಸನಗಳು ಸಾಲಾಗಿವೆ. ನಮ್ಮ ಆಚಾರ್ಯ ಸಮಂತಭದ್ರರು ಅದಕ್ಕೆ ಹೇಳಿದ ಸಂದರ್ಭಗಳಲ್ಲಿ ಪರಿಹಾರವಿಲ್ಲದ ರೋಗವೂ ಒಂದು. ಆದರೆ ಅಲ್ಲಿ ಇಷ್ಟವನ್ನು ಬಾಯಿಬಿಟ್ಟು ಹೇಳಲೇಬೇಕು. ಗುರುವಿನ ಮುಂದೆ ವ್ರತ ತೆಗೆದುಕೊಳ್ಳದೆ ಅದು ಸಲ್ಲೇಖನವೇ ಅಲ್ಲ. ಗಾಂಧಿಯಲ್ಲಿ ಇಷ್ಟ ಹೇಳಲು ಆಗಲೇಬಾರದು. ನಾಯಿ ಎರಡರ ನಡುವೆ ಬಿದ್ದಿದೆ. ಕೊನೆಯ ದಿನಗಳಲ್ಲಿ ಅದೂ ಅನ್ನ ನೀರು ಬಿಡುತ್ತದೆ, ಮೂಲೆ ಹುಡುಕುತ್ತದೆ, ಕರೆದರೂ ಬರುವುದಿಲ್ಲ. ಅದನ್ನು ನೋಡಿ ನಮ್ಮ ಗುಂಪಿನ ಟೀಚರ್ ಒಮ್ಮೆ ಇದೂ ಸಲ್ಲೇಖನವೇ ಎಂದರು. ಕೇಳಲು ಚೆನ್ನಾಗಿದೆ, ನಾನು ಒಪ್ಪುವುದಿಲ್ಲ. ಹಸಿವು ಹೋದದ್ದಕ್ಕೂ ಹಸಿವನ್ನು ಗೆದ್ದದ್ದಕ್ಕೂ ದೂರವಿದೆ.

ಕಾನೂನು ಇಲ್ಲಿ ಇನ್ನೊಂದು ವಿಚಿತ್ರ. ಮನುಷ್ಯನಿಗೆ 2018ರ ಸುಪ್ರೀಂ ಕೋರ್ಟಿನ ತೀರ್ಪಿನ ಪ್ರಕಾರ ಜೀವ ಎಳೆದು ನಿಲ್ಲಿಸುವ ಚಿಕಿತ್ಸೆಯನ್ನು ತೆಗೆಯಬಹುದು, ಸಾಯಿಸುವ ಸೂಜಿ ಕೊಡುವ ಹಾಗಿಲ್ಲ. ನಾಯಿಗಾದರೆ 2023ರ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ವಾಸಿಯಾಗದ ರೋಗವೋ ಉಳಿಯಲಾಗದ ಗಾಯವೋ ಇದ್ದರೆ ಪಶುವೈದ್ಯರು ಸೂಜಿಯನ್ನೇ ಕೊಡಬೇಕು. ಆದರೆ ರೇಬೀಸ್ ಬಂದಿರುವ ಸಂಭವ ಹೆಚ್ಚೆಂದು ಕಂಡ ನಾಯಿಯನ್ನು ಬೇರೆ ಇಟ್ಟು ತಾನಾಗಿ ಸಾಯುವ ತನಕ ಕಾಯಬೇಕು. ಅದರ ಸಾವಿನಷ್ಟು ಖಚಿತವಾದ ಸಾವು, ಅದರ ನರಳಾಟದಷ್ಟು ಕೆಟ್ಟ ನರಳಾಟ ಇನ್ನೊಂದಿಲ್ಲ. ನಿಯಮ ಬರೆದವರ ಮನಸ್ಸಿನಲ್ಲೂ ನಮ್ಮ ಸೇಟು ಒಬ್ಬರು ಕೂತಿದ್ದಿರಬೇಕು.

ಗಾಂಧಿ ಮಾಡಿದ್ದು ಸರಿ ಎಂದೇ ನನ್ನ ಎಣಿಕೆ. ಅವರು ಅದಕ್ಕೆ ಕೊಟ್ಟ ಸಮಾಧಾನ ನನಗೆ ಒಗ್ಗುವುದಿಲ್ಲ. ಶಸ್ತ್ರವೈದ್ಯ ಕತ್ತಿ ಹಿಡಿದರೆ ಅದು ಹಿಂಸೆಯಲ್ಲ, ಹಾಗೆಯೇ ಇದೂ ಅಹಿಂಸೆ ಎಂದರು. ಇದನ್ನು ಒಪ್ಪಲು ಕವಿ ಜನ್ನ ಬಿಡುವುದಿಲ್ಲ. ಅವನ 1209ರ ಯಶೋಧರ ಚರಿತೆಯಲ್ಲಿ ಸತ್ತದ್ದು ಕೋಳಿಯೂ ಅಲ್ಲ, ಹಿಟ್ಟಿನ ಕೋಳಿ. ತಾಯಿಯ ಮಾತು ಮೀರಲಾರದೆ, ನಿಜವಾದ ಬಲಿಗೆ ಒಪ್ಪಲಾರದೆ ಯಶೋಧರ ಕಂಡುಕೊಂಡ ನಡುದಾರಿ ಅದು. ಕತ್ತಿ ಬಿದ್ದಾಗ ಹಿಟ್ಟು ಕೂಗಿತು. ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸತ್ತರು. ಮೊದಲ ಸಲ ಮಗ ನವಿಲು, ತಾಯಿ ನಾಯಿ. ಕೊಂದದ್ದು ಏನನ್ನು ಎನ್ನುವುದಕ್ಕಿಂತ ಕೊಲ್ಲುತ್ತೇನೆ ಎಂದು ಕೈ ಎತ್ತಿದ್ದೇ ಅಲ್ಲಿ ಲೆಕ್ಕಕ್ಕೆ ಬಂದದ್ದು. ಶಾಸ್ತ್ರದಲ್ಲಿ ಇದಕ್ಕೆ ಸಂಕಲ್ಪೀ ಹಿಂಸೆ ಎನ್ನುತ್ತಾರೆ. ಅಡುಗೆ, ಗುಡಿಸುವುದು, ಹೊಟ್ಟೆಪಾಡಿನ ಕೆಲಸ, ಕಾಪಾಡಿಕೊಳ್ಳಲು ಮಾಡುವ ಹೋರಾಟ, ಇವುಗಳಲ್ಲಿ ಆಗುವ ಹಿಂಸೆಗೆ ಸಂಸಾರಿಗಳಿಗೆ ಒಂದಿಷ್ಟು ರಿಯಾಯಿತಿ ಉಂಟು. ಸಂಕಲ್ಪಕ್ಕೆ ಇಲ್ಲ.

ಈ ಅಳತೆಯಲ್ಲಿ ನಮ್ಮ ಹುಳಗಳು ರಿಯಾಯಿತಿಯ ಕಡೆ ಹೋಗುತ್ತವೆ. ನಮ್ಮ ಮನಸ್ಸಿನಲ್ಲಿ ಇರುವುದು ಗಾಯ ವಾಸಿಯಾಗಲಿ ಎಂಬುದು. ಸೇಟು ಅವರು ಕೇಳದೆ ಇದ್ದದ್ದಕ್ಕೂ ಅದೇ ಕಾರಣವಿರಬೇಕು. ಸೂಜಿ ಮಾತ್ರ ಯಾವ ರಿಯಾಯಿತಿಯೊಳಗೂ ಹಿಡಿಸುವುದಿಲ್ಲ. ಇದು ಸಾಯಲಿ ಎಂದೇ ಸಿರಿಂಜು ತುಂಬುವುದು. ಆದ್ದರಿಂದ ಅದು ಹಿಂಸೆ, ಹಿಂಸೆಯೆಂದು ತಿಳಿದೇ ಮಾಡಬೇಕಾದದ್ದು. ಅಂಟುವ ಕರ್ಮ ಅಂಟಲಿ. ಅದಕ್ಕೆ ಪುಣ್ಯದ ಬಣ್ಣ ಬಳಿದರೆ ನಾಳೆ ಕಾಲು ಮುರಿದದ್ದಕ್ಕೂ ಮುದಿಯಾದದ್ದಕ್ಕೂ ಸೂಜಿ ಹುಡುಕುವ ಕೈ ತಯಾರಾಗುತ್ತದೆ. ಇತ್ತ ಸೇಟು ಅವರ ಹಾಗೆ ಕೈ ಕಟ್ಟಿ ನಿಂತರೆ ಕೈ ಚೊಕ್ಕಟವಾಗಿ ಉಳಿಯುತ್ತದೆ, ನಿಜ. ನಮ್ಮ ಧರ್ಮದಲ್ಲಿ ಅಹಿಂಸೆ ಮೊದಲಿಗೆ ತನ್ನ ಆತ್ಮದ ರಕ್ಷಣೆ. ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಆದರೆ ನನ್ನ ಆತ್ಮ ಚೊಕ್ಕಟವಾಗಿರಲು ಮೆಟ್ಟಿಲ ಕೆಳಗಿನ ನಾಯಿ ನಾಲ್ಕು ದಿನ ನರಳಬೇಕು ಎನ್ನುವುದಾದರೆ ಬೆಲೆ ಕೊಡುತ್ತಿರುವವರು ಯಾರು?

ಭಾಸ್ಕರ ಕವಿಯ ಜೀವಂಧರ ಚರಿತೆಯ ಕಥೆಯನ್ನು ಅಜ್ಜಿ ಹೇಳುತ್ತಿದ್ದರು. ಯಜ್ಞದ ಅನ್ನ ಮುಟ್ಟಿತೆಂದು ಜನ ಹೊಡೆದು ಕೆಡವಿದ ನಾಯಿ. ಸಾಯುವ ಹೊತ್ತಿಗೆ ರಾಜಕುಮಾರ ಅದರ ಕಿವಿಯಲ್ಲಿ ಪಂಚನಮಸ್ಕಾರ ಹೇಳುತ್ತಾನೆ, ನಾಯಿ ಸುದರ್ಶನನೆಂಬ ಯಕ್ಷನಾಗುತ್ತದೆ. ಇದನ್ನು ಸೇಟು ಅವರಿಗೂ ಹೇಳಿದೆ, ಅವರಿಗೂ ಗೊತ್ತಿತ್ತು. ಆ ದಿನ ಅವರು ಮೆಟ್ಟಿಲ ಕೆಳಗೆ ಬಗ್ಗಿ, ಹೆಣ್ಣುನಾಯಿಯ ಕಿವಿಯ ಹತ್ತಿರ ಮಂತ್ರ ಹೇಳಿ, ಡಾಕ್ಟ್ರು ಬ್ಯಾಗು ತೆರೆಯುವ ಮೊದಲೇ ಅಂಗಡಿಗೆ ಹತ್ತಿ ಹೋದರು. ಈಗಲೂ ಹಾಗೆಯೇ ಮಾಡುತ್ತಾರೆ. ಒಪ್ಪಿದ್ದಾರೆ ಎಂದಲ್ಲ, ತಡೆಯುವುದಿಲ್ಲ ಎಂದಷ್ಟೇ. ಟೆಂಪೊ ಡ್ರೈವರ್ ಭಾಯಿ ಅವರ ಪಾಡಿಗೆ ಏನೋ ಗೊಣಗಿಕೊಳ್ಳುತ್ತಾರೆ. ನಾನು ಕೇಳಲು ಹೋಗಿಲ್ಲ.

ನನ್ನ ವಾದವನ್ನು ಡಾಕ್ಟ್ರು ಒಪ್ಪುವುದಿಲ್ಲ. "ಇದನ್ನ ಪಾಪ ಅಂತ ಬರೆದಿಟ್ಕೊಂಡ್ರೆ ಮುಂದಿನ ಸಲ ಹಿಂಜರೀತೀರಿ ಮೇಡಂ. ನಾಳೆ ನೋಡೋಣ ಅಂತೀರಿ. ಆ ರಾತ್ರಿ ಕಳೀಬೇಕಾದ್ದು ನಾಯಿ, ನೀವಲ್ಲ." ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ: ಡಾಕ್ಟ್ರು ಇನ್ನಾಗದು ಎಂದ ದಿನ ಕತ್ತಲಾಗುವುದರೊಳಗೆ ತೀರ್ಮಾನ ಆಗಬೇಕು, ಯಾರು ಬಂದರೂ ಬರದಿದ್ದರೂ. ಆ ಸೂಜಿಯ ಖರ್ಚನ್ನು ಜೀವದಯೆಯ ದುಡ್ಡಿನಿಂದ ತೆಗೆಯುವುದಿಲ್ಲ. ನಾನೂ ಡ್ರೈವರ್ ಭಾಯಿಯೂ ಅರ್ಧ ಅರ್ಧ ಹಾಕುತ್ತೇವೆ.